ಗ್ಲಾಸ್ಗೋ ನಗರದ ಬಾಡಿಗೆ ಮುಷ್ಕರ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರವು ಕ್ಲೈಡ್ ನದಿಯ ದಡದಲ್ಲಿರುವುದು. ಹಡಗು ಕಟ್ಟುವ ಉದ್ಯಮದಿಂದ ಒಂದು ಕಾಲದಲ್ಲಿ ಲೋಕವಿಖ್ಯಾತವಾಗಿದ್ದ ಈ ನಗರದ ಕೂಲಿಕಾರರು ಬಹುಮಟ್ಟಿಗೆ ಕಲ್ಲಿನ ಎತ್ತರವಾದ ವಠಾರಗಳಲ್ಲಿ ಒಂದೆರಡು ಕೋಣೆಗಳ ಬಿಡಾರಗಳನ್ನು ಹಿಡಿದು ಸಂಸಾರ ಸಾಗಿಸುತ್ತಿದ್ದರು. ಒಂದೇ ಮೆಟ್ಟಿಲಸಾಲು ಹಲವು ಮನೆಗಳಿಗೆ ದಾರಿ. ಹಿತ್ತಿಲೂ ಬಟ್ಟೆ ಒಗೆಯುವ ಸ್ಥಳವೂ ಎಲ್ಲರಿಗೂ ಸಾಮಾನ್ಯ.

1914ನೆಯ ಆಗಸ್ಟಿನಲ್ಲಿ ಮಹಾಯುದ್ಧವು ಆರಂಭವಾಯಿತು. ಮದ್ದುಗುಂಡು, ಹಡಗುಗಳ ಕಾರ್ಖಾನೆಗಳಿಗೆ ಸಾವಿರಾರು ಕೆಲಸಗಾರರು ಹೊರಗಿನಿಂದ ಬಂದು ಸೇರಿದರು. ಹೊಸ ಮನೆಗಳ ನಿರ್ಮಾಣವಾದರೋ ನಿಂತಂತೆಯೇ ಆಗಿತ್ತು. ಮನೆಗಳ ಅಭಾವವನ್ನು ಕಂಡ ಮಾಲೀಕರು ತಮ್ಮ ಏಜೆಂಟರ ಮೂಲಕ ಬಾಡಿಗೆಯನ್ನು ಏರಿಸತೊಡಗಿದರು. ಗಂಡನು ರಣರಂಗದಲ್ಲಿರಲು, ಮಕ್ಕಳೊಡನೆ ಮನೆಯಲ್ಲಿದ್ದ ಹೆಂಡತಿಗೂ ಈ ಏರಿಕೆಯು ತಪ್ಪಲಿಲ್ಲ. ಒಬ್ಬೊಬ್ಬರಾಗಿ ಬೇಡಿಕೊಂಡವರಿಗೆ ದೊರೆತ ಉತ್ತರ ಒಂದೇ: ತೆರಬೇಕು, ಇಲ್ಲವೇ ತೆರಳಬೇಕು.

ಇಂತಹ ಸಮಯದಲ್ಲಿ ಮುಂದೆ ಬಂದವರು ಗೃಹಿಣಿಯರು. ಗೋವನ್ ಭಾಗದ ಮೇರಿ ಬಾರ್ಬರ್ ಎಂಬಾಕೆ ಹಡಗು ಕಾರ್ಖಾನೆಯ ಕೆಲಸಗಾರನೊಬ್ಬನ ಮಡದಿ. ಆಕೆಯೂ ಹೆಲೆನ್ ಕ್ರಾಫರ್ಡ್, ಆಗ್ನೆಸ್ ಡೋಲನ್ ಮೊದಲಾದವರೂ 1914ರಲ್ಲಿ ಸ್ಥಾಪಿತವಾದ ಮಹಿಳಾ ವಸತಿ ಸಂಘದ ಮೂಲಕ ವಠಾರ ವಠಾರಕ್ಕೂ ಹೋಗಿ ನೆರೆಹೊರೆಯವರನ್ನು ಒಂದುಗೂಡಿಸಿದರು. ಅವರ ಮಾರ್ಗ ಸರಳವಾದುದು: ಹಳೆಯ ಬಾಡಿಗೆಯನ್ನು ಕೊಡುವುದು, ಏರಿಕೆಯನ್ನು ಮಾತ್ರ ಕೊಡದಿರುವುದು. ಆದುದರಿಂದ ಇವರು ಋಣವನ್ನು ನುಂಗುವವರೆಂದು ದೂರಲು ಎಡೆಯಿರಲಿಲ್ಲ. ತಮ್ಮ ನಿಶ್ಚಯವನ್ನು ಮುದ್ರಿಸಿದ ಕಾಗದಗಳನ್ನು ಕಿಟಕಿಗಳಿಗೆ ಅಂಟಿಸಿದರು.

1915ರ ಬೇಸಗೆಯ ಹೊತ್ತಿಗೆ ಮುಷ್ಕರವು ಬಲಿಯಿತು. ಒಕ್ಕಲೆಬ್ಬಿಸಲು ಕೋರ್ಟಿನ ಅಮೀನರು ಬಂದರೆ ಕಾವಲಿದ್ದ ಹೆಂಗಸು ಗಂಟೆ ಬಾರಿಸುವಳು. ಹಿಟ್ಟು ನಾದುತ್ತಿದ್ದವಳು ಹಿಟ್ಟಿನ ಕೈಯಲ್ಲಿಯೇ, ಬಟ್ಟೆ ಒಗೆಯುತ್ತಿದ್ದವಳು ಒದ್ದೆ ಬಟ್ಟೆಯೊಡನೆಯೇ ಓಡಿ ಬರುವಳು. ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ಹೆಂಗಸರು ಒತ್ತಾಗಿ ನಿಂತರೆ ಅಮೀನರಿಗೆ ಹೆಜ್ಜೆಯಿಡಲು ಸ್ಥಳವೆಲ್ಲಿ? ಹಿಟ್ಟಿನ ಪೊಟ್ಟಣಗಳ ಪೆಟ್ಟು ತಿಂದು ಅವರು ಹಿಂದಿರುಗಬೇಕಾಯಿತು. ನವೆಂಬರಿನ ವೇಳೆಗೆ ಸುಮಾರು 20,000 ಸಂಸಾರಗಳು ಮುಷ್ಕರದಲ್ಲಿ ಸೇರಿದ್ದುವು.

ಮನೆ ಬಿಡಿಸುವುದು ಸಾಧ್ಯವಾಗದಿರಲು, ಸಂಬಳದಿಂದಲೇ ಬಾಕಿಯನ್ನು ಹಿಡಿಯಿಸುವ ಉಪಾಯವನ್ನು ಹೂಡಿ 18 ಮಂದಿಯ ಮೇಲೆ ದಾವಾ ತರಲಾಯಿತು. ವಿಚಾರಣೆಯ ದಿನ 1915ನೆಯ ನವೆಂಬರ್ 17. ಅಂದು ಹೆಂಗಸರ ಮೆರವಣಿಗೆಯೊಡನೆ ಕಾರ್ಖಾನೆಗಳ ಕೆಲಸಗಾರರೂ ಕೆಲಸ ಬಿಟ್ಟು ಸಾವಿರಾರು ಸಂಖ್ಯೆಯಲ್ಲಿ ನ್ಯಾಯಾಲಯದ ಮುಂದೆ ನೆರೆದರು. ಯುದ್ಧ ಸಾಮಗ್ರಿಯ ತಯಾರಿಕೆಯು ನಿಂತೀತೆಂಬ ಭಯವು ಸರಕಾರವನ್ನು ತಟ್ಟಿತು. ದಾವಾಗಳು ಬಿಡಲ್ಪಟ್ಟುವು. ಅದೇ ಡಿಸೆಂಬರಿನಲ್ಲಿ ಅಂಗೀಕೃತವಾದ ಕಾಯಿದೆಯು ಬ್ರಿಟನ್ನಿನ ಸಣ್ಣ ಮನೆಗಳ ಬಾಡಿಗೆಯನ್ನು ಯುದ್ಧಾರಂಭದ ಮಟ್ಟಕ್ಕೆ ಕಟ್ಟಿಹಾಕಿತು; ಮಾಲೀಕರಿಗೂ ನ್ಯಾಯ ದೊರೆಯಲೆಂದು ಅವರ ಅಡಮಾನ ಸಾಲದ ಬಡ್ಡಿಯ ಏರಿಕೆಯನ್ನೂ ತಡೆಯಿತು.

ಬಾಡಿಗೆಯನ್ನು ತಡೆದ ಮಾತ್ರಕ್ಕೆ ಹೊಸ ಮನೆಗಳು ಹುಟ್ಟಲಾರವು. ಈ ಕೊರತೆಗೆ ಉತ್ತರವಾಗಿ 1919ರ ವಸತಿ ಕಾಯಿದೆಗಳು ಸರಕಾರದ ಧನಸಹಾಯದಿಂದ ಮನೆ ಕಟ್ಟಿಸುವ ಹೊಣೆಯನ್ನು ಪುರಸಭೆಗಳ ಮೇಲೆ ಹೊರಿಸಿದುವು. 1920ರಲ್ಲಿ ಮೇರಿ ಬಾರ್ಬರ್ ಗ್ಲಾಸ್ಗೋ ಪುರಸಭೆಗೆ ಆಯ್ಕೆಯಾದಳು. 2018ರಲ್ಲಿ ಗೋವನ್ನಿನಲ್ಲಿ ನಿಲ್ಲಿಸಿದ ಪ್ರತಿಮೆಯಲ್ಲಿ ಆಕೆ ಒಬ್ಬಳೇ ಇಲ್ಲ. ಹಿಂದೆ ಜನರ ಸಾಲಿದೆ. ಬಿಡಿಯಾಗಿ ಬೇಡಿದವರಿಗೆ ದೊರೆಯದ ನ್ಯಾಯವು ಆ ಸಾಲಿಗೆ ದೊರೆಯಿತು.