ಕೇಪಳವೂ ಸಿಂಗಳೀಕವೂ

ಬಂಟವಾಳದ ಮುರಕಲ್ಲಿನ ಗುಡ್ಡಗಳಲ್ಲಿಯೂ ಮೂಡಬಿದಿರೆಯ ಕುರುಚಲು ಕಾಡುಗಳಲ್ಲಿಯೂ ಗೊಂಚಲು ಗೊಂಚಲಾಗಿ ಕೆಂಪನೆ ಅರಳುವ ಕೇಪಳವನ್ನು ಅರಿಯದವರಿಲ್ಲ. ಬೆಳ್ತಂಗಡಿಯ ಮೇಲ್ಗಡೆ ಕುದುರೆಮುಖದ ಮಳೆಕಾಡುಗಳಲ್ಲಿರುವ ಸಿಂಗಳೀಕವನ್ನಾದರೋ ಕಣ್ಣಾರೆ ಕಂಡವರು ವಿರಳ. ಗಿಡಕ್ಕೂ ವಾನರಕ್ಕೂ ಎತ್ತಣ ಹೋಲಿಕೆಯೆಂದು ವಾಚಕರು ಶಂಕಿಸಬಹುದು. ಒಬ್ಬನೇ ಪಂಡಿತನ ಲೇಖನಿಯಿಂದ ಶಾಸ್ತ್ರನಾಮವನ್ನು ಪಡೆದ ಇವೆರಡೂ ಭಿನ್ನವಾದ ಗತಿಯನ್ನು ಹೊಂದಿದುವೆಂಬುದೇ ಈ ಹೋಲಿಕೆಗೆ ಕಾರಣವು.

ಮಲಬಾರಿನ ಡಚ್ಚರ ಅಧಿಪತಿಯಾಗಿದ್ದ ವಾನ್ ರೀಡನು 1678ರಿಂದ 1693ರ ವರೆಗೆ ಪ್ರಕಟವಾದ 'ಹೋರ್ಟಸ್ ಮಲಬಾರಿಕಸ್' ಎಂಬ ಹನ್ನೆರಡು ಸಂಪುಟಗಳ ಗ್ರಂಥದಲ್ಲಿ ಕೇಪಳವನ್ನು 'ಚೆತ್ತಿ' ಎಂಬ ಮಲೆಯಾಳದ ಹೆಸರಿನಿಂದ ವರ್ಣಿಸಿದನು. ಸ್ವೀಡನ್ ದೇಶದ ಲಿನ್ನೇಯಸನು 1753ರಲ್ಲಿ ಅದನ್ನು 'ಇಕ್ಸೋರಾ ಕಾಕ್ಸಿನಿಯಾ' ಎಂದು ಕರೆದನು. ಇಕ್ಸೋರಾ ಎಂಬುದು ನಮ್ಮ ಈಶ್ವರ ಶಬ್ದದ ಪೋರ್ಚುಗೀಸ್ ರೂಪವು. 1758ರಲ್ಲಿ ಅವನೇ ಸಿಂಗಳೀಕಕ್ಕೆ 'ಸೈಲೀನಸ್' ಎಂದು ಯವನ ಪುರಾಣದ ಮದ್ಯದೇವತೆಯ ವೃದ್ಧ ಸಹಚರನ ಹೆಸರನ್ನಿತ್ತನು. ಯುರೋಪಿನ ವಿದ್ವಾಂಸರು ಬಹುಕಾಲ ಇದನ್ನು ಸಿಂಹಳದ ಪ್ರಾಣಿಯೆಂದು ಭ್ರಮಿಸಿ, ಅಲ್ಲಿನ ಮುಸುವಕ್ಕೆ ಸಲ್ಲುವ 'ವಾಂಡೆರೂ' ಎಂಬ ಹೆಸರನ್ನು ಇದಕ್ಕೆ ಅಂಟಿಸಿದರು. ವಾಸ್ತವದಲ್ಲಿ ಪಶ್ಚಿಮ ಘಟ್ಟಗಳ ಹೊರತು ಜಗತ್ತಿನ ಬೇರಾವ ಕಾಡೂ ಇದಕ್ಕೆ ಸ್ವಸ್ಥಾನವಲ್ಲ.

ಹೆಸರಿಗಿಂತ ಸ್ವಭಾವವೇ ಗತಿಯನ್ನು ನಿರ್ಣಯಿಸಿತು. ಕೇಪಳದ ಟೊಂಗೆಯನ್ನು ನೆಟ್ಟರೆ ಚಿಗುರುವುದು. ಅದರ ಹಣ್ಣನ್ನು ಹಕ್ಕಿಗಳೂ ಮಕ್ಕಳೂ ತಿನ್ನುವರು. ಹೂವು ದೇವರಿಗೂ ದೈವಗಳಿಗೂ ಸಲ್ಲುವುದು. ಮರ ಕಡಿದು ಬಯಲಾದ ನೆಲವೂ ಅದಕ್ಕೆ ಒಗ್ಗುವುದು. ಸಿಂಗಳೀಕವು ಎತ್ತರದ ಮರಗಳ ತುದಿಯಿಂದ ತುದಿಗೆ ದಾಟುತ್ತ ಹಣ್ಣುಹಂಪಲುಗಳನ್ನೂ ಕೀಟಗಳನ್ನೂ ತಿಂದು ಜೀವಿಸುವುದು. ಹೆಣ್ಣು ಒಮ್ಮೆಗೆ ಒಂದೇ ಮರಿಯನ್ನು ಈಯುವುದು. ಮತ್ತೊಂದಕ್ಕೆ ಎರಡು ಮೂರು ವರ್ಷಗಳು ಕಳೆಯಬೇಕು. ತೋಟ, ರಸ್ತೆ, ಗಣಿಗಳಿಂದ ಮರಗಳ ಸಾಲು ತುಂಡಾದಲ್ಲಿ ಹಿಂಡು ದ್ವೀಪದಲ್ಲಿ ಸಿಕ್ಕಿದಂತಾಗುವುದು. ಮಾಂಸಕ್ಕಾಗಿ ನಡೆದ ಬೇಟೆಯೂ ಇದರ ಕ್ಷಯಕ್ಕೆ ನೆರವಾಯಿತು. ಈಗ ಕಾಡಿನಲ್ಲಿ ಉಳಿದಿರುವುವು ಸುಮಾರು 4000 ಮಾತ್ರವೆಂದು ಅಂದಾಜು.

1972ರ ವನ್ಯಜೀವಿ ಕಾಯಿದೆಯು ಇದಕ್ಕೆ ರಕ್ಷಣೆಯನ್ನಿತ್ತಿತು. 1987ರಲ್ಲಿ ಕುದುರೆಮುಖವು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು; ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆಯು 2005ರ ಕೊನೆಗೆ ನಿಂತಿತು. ಆ ಮಲೆಯಲ್ಲಿಯೇ ಜನಿಸುವ ನೇತ್ರಾವತಿಯು ಬೆಳ್ತಂಗಡಿಯ ಸೀಮೆಯನ್ನು ತೊಯ್ಯಿಸಿ ಬಂಟವಾಳಕ್ಕೆ ಇಳಿಯುವಳು. ಅಂಗಳದಲ್ಲಿ ಕೇಪಳವನ್ನು ಕೊಯ್ಯುವ ಮನೆಯವರ ಬಾವಿಗೂ ಸಿಂಗಳೀಕದ ಕಾಡಿಗೂ ಇರುವ ನಂಟು ಇದು. ಕೇಪಳವನ್ನು ಉಳಿಸುವುದಕ್ಕೆ ಒಂದು ಟೊಂಗೆ ಸಾಕು. ಸಿಂಗಳೀಕವನ್ನು ಉಳಿಸುವುದಕ್ಕೆ ಕಡಿಯದ ಕಾಡೇ ಬೇಕು.