ಅಕ್ಷರಸರಣಿಯ ಕೊನೆ: ಎರಡು ಗಣಕಭಾಷೆಗಳ ನಡುವಣ ಒಂದು ಒಪ್ಪಂದದ ಇತಿಹಾಸ

ಶಾಸನಗಳನ್ನು ಓದುವವರಿಗೆ ಪಾಠದ ಆದಿಯಷ್ಟೇ ಅಂತ್ಯವೂ ಮುಖ್ಯವೆಂಬುದು ವಿದಿತವೇ ಇದೆ. ‘ಮಂಗಳ ಮಹಾಶ್ರೀ’ ಎಂಬುದನ್ನು ಕಂಡೊಡನೆ ಶಾಸನವು ಮುಗಿಯಿತೆಂದು ತಿಳಿಯುತ್ತೇವೆ. ಅದು ಕಾಣದೆ ಕಲ್ಲು ಒಡೆದಿದ್ದರೆ ಎಷ್ಟು ಪಂಕ್ತಿಗಳು ಹೋದುವೆಂದು ನಿರ್ಣಯಿಸಲಾರೆವು. ಓಲೆಯ ಕಟ್ಟಿನಲ್ಲಾದರೋ ಗರಿಗಳೆಷ್ಟೆಂದು ಮೊದಲೇ ತಿಳಿಸಿದರೆ ಕೊನೆಯ ಗುರುತು ಬೇಕಾಗಿಲ್ಲ. ಗಣಕಯಂತ್ರದ ಭಾಷೆಗಳೂ ಈ ಎರಡು ದಾರಿಗಳನ್ನೇ ಹಿಡಿದುವು. ಒಂದು ಭಾಷೆಯಲ್ಲಿ ರಚಿತವಾದ ಪ್ರೋಗ್ರಾಮು ಮತ್ತೊಂದು ಭಾಷೆಯದರೊಡನೆ ಕೂಡಿ ಕೆಲಸಮಾಡುವಾಗ, ಸ್ಟ್ರಿಂಗ್ ಎನ್ನಿಸಿಕೊಳ್ಳುವ ಅಕ್ಷರಸರಣಿಯು ಒಂದರಿಂದ ಒಂದಕ್ಕೆ ದಾಟುವುದು ಹೇಗೆಂಬುದೇ ಪ್ರಕೃತ ವಿಷಯ.

ಹಳೆಯ ಫೋರ್ಟ್ರಾನ್ ಭಾಷೆಯಲ್ಲಿ ಸರಣಿಗೆ ಮೊದಲು ಅಕ್ಷರಗಳ ಸಂಖ್ಯೆಯನ್ನೂ ‘ಎಚ್’ ಎಂಬ ಅಕ್ಷರವನ್ನೂ ಬರೆಯುತ್ತಿದ್ದರು. ಈ ‘ಎಚ್’, ರಂಧ್ರಪತ್ರಗಳ ಯಂತ್ರದಿಂದ ಅಮೆರಿಕದ 1890ರ ಜನಗಣತಿಯನ್ನು ಸುಗಮಗೊಳಿಸಿದ ಹರ್ಮನ್ ಹಾಲರಿತ್ ಎಂಬವನ ಹೆಸರಿನ ಗುರುತು. 1967ರ ಬಿಸಿಪಿಎಲ್ ಭಾಷೆಯೂ ಸಂಖ್ಯೆಯನ್ನು ಆದಿಯಲ್ಲಿಯೇ ಇಟ್ಟಿತು. ಅದರಿಂದ ಕೆನ್ ಥಾಂಪ್ಸನ್ ನಿರ್ಮಿಸಿದ ‘ಬಿ’ ಭಾಷೆಯು ಈ ಕ್ರಮವನ್ನು ಬಿಟ್ಟು ಕೊನೆಯ ಗುರುತನ್ನು ತಂದಿತು. ಡೆನಿಸ್ ರಿಚಿಯ ‘ಸಿ’ ಭಾಷೆಯಲ್ಲಿ ಆ ಗುರುತು ಸೊನ್ನೆಯಾಯಿತು. ಸಂಖ್ಯೆಯ ಸಣ್ಣ ಮನೆಯು ಸರಣಿಯ ಉದ್ದಕ್ಕೆ ಮಿತಿಯಾಗಬಾರದೆಂಬುದು ಈ ಬದಲಾವಣೆಗೆ ಒಂದು ಕಾರಣ.

ಪ್ರೋಗ್ರಾಮಿನ ಭಾಗಗಳನ್ನು ಕೂಡಿಸುವ ಲಿಂಕರ್ ಹೆಸರನ್ನೂ ವಿಳಾಸವನ್ನೂ ಹೊಂದಿಸುತ್ತದೆಯೇ ಹೊರತು ಒಪ್ಪಂದವನ್ನು ಪರೀಕ್ಷಿಸುವುದಿಲ್ಲ. ಫೋರ್ಟ್ರಾನ್ ಸರಣಿಯ ಉಳಿದ ಜಾಗವನ್ನು ಖಾಲಿ ಅಕ್ಷರಗಳಿಂದ ತುಂಬುತ್ತದೆ, ಸೊನ್ನೆಯನ್ನಿಡುವುದಿಲ್ಲ. ಅದನ್ನು ಹಾಗೆಯೇ ‘ಸಿ’ಗೆ ಒಪ್ಪಿಸಿದರೆ, ‘ಸಿ’ ಸೊನ್ನೆಯನ್ನು ಅರಸುತ್ತ ಪರರ ಜಾಗವನ್ನೂ ಓದಿಬಿಡುವುದು. 1978ರಲ್ಲಿ ಬೆಲ್ ಪ್ರಯೋಗಶಾಲೆಯ ಫೆಲ್ಡ್‌ಮನ್, ವೈನ್‌ಬರ್ಗರ್ ಎಂಬವರು ತಮ್ಮ ಫೋರ್ಟ್ರಾನ್ ಅನುವಾದಕದಲ್ಲಿ ಸರಣಿಯ ಉದ್ದವನ್ನು ಇತರ ಅಂಶಗಳ ಹಿಂದೆ ಗುಪ್ತವಾಗಿ ಕಳುಹಿಸುವ ಏರ್ಪಾಡು ಮಾಡಿದರು. ಫೋರ್ಟ್ರಾನ್ 2003ರ ಪ್ರಮಾಣಗ್ರಂಥದಲ್ಲಿ ‘ಸಿ’ಯೊಡನೆ ವ್ಯವಹರಿಸುವ ಕ್ರಮವು ಬಹಿರಂಗ ನಿಯಮವಾಯಿತು.

ಕನ್ನಡಕ್ಕೆ ಇನ್ನೊಂದು ತೊಡಕುಂಟು. ಕೊಪ್ಪಳ ಜಿಲ್ಲೆಯ ‘ಹುಲಿಹೈದರ’ ಎಂಬ ಊರಿನ ಹೆಸರನ್ನೇ ನೋಡೋಣ. ಓದುಗನಿಗೆ ಇದರಲ್ಲಿ 5 ಅಕ್ಷರಗಳು. ಗುಣಿತದ ಚಿಹ್ನೆಗಳನ್ನು ಬೇರೆಯಾಗಿ ಎಣಿಸುವ ಯೂನಿಕೋಡಿನಲ್ಲಿ 8 ಸಂಕೇತಗಳು. ಯುಟಿಎಫ್-8 ಕ್ರಮದಲ್ಲಿ 24 ಬೈಟುಗಳು. ‘ಸಿ’ಯ ಸೊನ್ನೆ ಸೇರಿದರೆ 25. ಐಕಾರವನ್ನು ಎರಡು ಚಿಹ್ನೆಗಳಾಗಿ ಬಿಡಿಸಿದರೆ 9 ಸಂಕೇತಗಳು, 27 ಬೈಟುಗಳು; ಕಣ್ಣಿಗೆ ಮಾತ್ರ ಹೆಸರು ಒಂದೇ. ಬಿಡಿಸದ ಆ 24 ಬೈಟುಗಳ ಹೆಸರನ್ನು 16 ಬೈಟುಗಳ ಮನೆಗೆ ತಳ್ಳಿದರೆ ‘ಹುಲಿಹ’ ಎಂಬುದೂ ಐಕಾರದ ಒಂದು ಚೂರೂ ಉಳಿಯುವುವು. ಪಹಣಿಯಲ್ಲಿಯೋ ಮತದಾರರ ಪಟ್ಟಿಯಲ್ಲಿಯೋ ಹೀಗಾದರೆ ಊರೇ ಬೇರೆಯಾದಂತೆ.

1992ರಲ್ಲಿ ಯುಟಿಎಫ್-8 ಕ್ರಮವನ್ನು ರೂಪಿಸಿದವರು ಅದೇ ಥಾಂಪ್ಸನ್ನನೂ ರಾಬ್ ಪೈಕ್‌ನೂ. ಅದರಲ್ಲಿ ಬೇರಾವ ಅಕ್ಷರದೊಳಗೂ ಸೊನ್ನೆಯ ಬೈಟು ಬಾರದು. ಆದುದರಿಂದ ‘ಸಿ’ಯ ಹಳೆಯ ಗುರುತಿಗೆ ಭಂಗವಿಲ್ಲ. ಯುಟಿಎಫ್-16ರಲ್ಲಾದರೋ ಕನ್ನಡದ ಅಕ್ಷರಗಳು ಸಾಮಾನ್ಯವಾಗಿ ಪಾರಾದರೂ ಎರಡು ಪದಗಳ ನಡುವಣ ತೆರಪಿನಲ್ಲಿಯೇ ಸೊನ್ನೆ ಅಡಗಿರುತ್ತದೆ. ಬೈಟುಗಳನ್ನೆಣಿಸುವ ‘ಸಿ’ ಮೊದಲ ಪದಕ್ಕೇ ನಿಂತುಬಿಡುವುದು.

ಈ ಇತಿಹಾಸದಿಂದ ಗ್ರಂಥಸಂಪಾದಕರಿಗೂ ಪರಿಚಿತವಾದ ಒಂದು ಮಾತು ಸ್ಥಿರಪಡುತ್ತದೆ. ಭಾಷೆಯಿಂದ ಭಾಷೆಗೆ ದಾಟುವಾಗ ಅಕ್ಷರಗಳು ಕೆಡದಿದ್ದರೂ ಅವುಗಳ ಎಲ್ಲೆ ಕೆಡಬಹುದು. ಪಾಠವನ್ನು ಒಪ್ಪಿಸುವವನು ಅದರ ಅಳತೆಯನ್ನೂ, ಯಾವ ಮಾನದಿಂದ ಅಳೆದನೆಂಬುದನ್ನೂ ಜೊತೆಯಲ್ಲಿಯೇ ಒಪ್ಪಿಸತಕ್ಕುದು.