ಆ ಗ್ರೀಕ್ ಪ್ರಹಸನದಲ್ಲಿ ಇದ್ದದ್ದು ಕನ್ನಡವೇ?

ಟೋಲ್ಕಿನ್ ಮೊದಲು ಎಲ್ಫ್‌ಗಳ ಭಾಷೆ ಕಟ್ಟಿದರು, ಆಮೇಲೆ ಅದನ್ನು ಆಡುವವರಿಗೊಂದು ಚರಿತ್ರೆ ಬರೆದರು. ನಮ್ಮ ಕರಾವಳಿಗೂ ಇಂಥದೇ ಒಂದು ಚರಿತ್ರೆ ದಕ್ಕಿದೆಯೇನೋ ಎಂಬ ಅನುಮಾನ ನನ್ನದು. ಎರಡನೆಯ ಶತಮಾನದ ಗ್ರೀಕ್ ನಾಟಕದಲ್ಲೇ ಕನ್ನಡವಿತ್ತು ಎಂಬ ಮಾತನ್ನು ಕುಂದಾಪುರ, ಬ್ರಹ್ಮಾವರದ ವೇದಿಕೆಗಳಲ್ಲಿ ಕೇಳುತ್ತಲೇ ಬೆಳೆದೆ.

ಈಜಿಪ್ಟಿನ ಆಕ್ಸಿರಿಂಕಸ್‌ನ ತಿಪ್ಪೆಯಲ್ಲಿ ಸಿಕ್ಕ ಆ ಪಪೈರಸ್ಸನ್ನು ಗ್ರೆನ್‌ಫೆಲ್ ಮತ್ತು ಹಂಟ್ 1903ರಲ್ಲಿ 413ನೆಯ ಸಂಖ್ಯೆ ಕೊಟ್ಟು ಪ್ರಕಟಿಸಿದರು. ಖಾರಿಟಿಯಾನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲತೀರದಲ್ಲಿ ಸೆರೆಯಾಗಿದ್ದಾಳೆ. ಅಣ್ಣ ಹಡಗಿನಲ್ಲಿ ಬಂದು, ರಾಜನಿಗೂ ಪರಿವಾರಕ್ಕೂ ಕಂಠಮಟ್ಟ ಕುಡಿಸಿ ತಂಗಿಯನ್ನು ಬಿಡಿಸಿಕೊಂಡು ಹೋಗುತ್ತಾನೆ. ಅಲ್ಲಿನ ಭಾರತೀಯರು ಗ್ರೀಕ್ ಲಿಪಿಯಲ್ಲಿ ಬರೆದ, ಗ್ರೀಕ್ ಅಲ್ಲದ ಏನನ್ನೋ ಆಡುತ್ತಾರೆ. 1904ರಲ್ಲಿ ಹುಲ್ಟ್ಶ್ ಅದರಲ್ಲಿ ಕನ್ನಡ ಕಂಡರು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಶಾಮಾಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ಜಾಡು ಹಿಡಿದರು. ಒಂದು ಶಬ್ದವನ್ನು ‘ಮಲ್ಪೆ ನಾಯಕ’ ಎಂದು ಓದಿದ್ದೇ ತಡ, ಕಥೆಗೆ ಊರೂ ಸಿಕ್ಕಿತು. ಅದು ತುಳು ಎಂದವರೂ ಉಂಟು.

ನಾನು ಸಿಕ್ಕಿಬಿದ್ದದ್ದು ‘ಪಾತ್ರಕ್ಕೆ ಹಾಕಿ’ ಎಂಬಲ್ಲಿ. ಪಪೈರಸ್ಸಿನಲ್ಲಿರುವುದು ‘ಪೆತ್ರೆಕಿಓ’. ಅದರ ಹಿಂದಿನ ‘ದಮುನ್’ ಎಂಬುದನ್ನು ಹಿಂದುಮುಂದು ಮಾಡಿ ‘ಮಧು’ ಎನ್ನಬೇಕು. ‘ಪಾಲ್’ ಹಾಲಾದದ್ದು, ‘ಪೂ’ ಹೂವಾದದ್ದು ಸುಮಾರು ಹತ್ತನೆಯ ಶತಮಾನದಿಂದೀಚೆಗೆ. ಎರಡನೆಯ ಶತಮಾನದ ಬಾಯಲ್ಲಿ ‘ಹಾಕಿ’ ಹೇಗೆ ಬಂತು? ಆ ಓದಿನಲ್ಲಿ ಕೇಳುವುದು ಹಲ್ಮಿಡಿಗಿಂತ ಹಿಂದಿನ ಕನ್ನಡವಲ್ಲ, ಓದಿದವರ ಕಾಲದ ಕನ್ನಡ. ಬಾರ್ನೆಟ್ 1926ರಲ್ಲೇ ಇದನ್ನು ಕನ್ನಡವೆಂದು ಒಪ್ಪಲಿಲ್ಲ.

ಹಾಗೆಂದು ಎಲ್ಲವೂ ಬರೀ ಸದ್ದು ಎನ್ನಲೂ ಧೈರ್ಯ ಸಾಲದು. ಅರಿಸ್ಟೊಫನೀಸನ ನಾಟಕವೊಂದರಲ್ಲಿ ಪರ್ಷಿಯನ್ ರಾಯಭಾರಿ ಆಡುವುದು ಅರೆಬರೆ ಗೊಣಗು. ಪ್ಲಾಟಸನ ‘ಪೊಯೆನುಲಸ್’ನಲ್ಲಿರುವುದೋ ನಿಜವಾದ ಪ್ಯೂನಿಕ್ ಭಾಷೆ. ಮೆಣಸಿಗಾಗಿ ಈಜಿಪ್ಟಿನಿಂದ ನಮ್ಮ ಪಡುಗಡಲಿಗೆ ಹಡಗು ಬರುತ್ತಿದ್ದದ್ದಂತೂ ಖಂಡಿತ. ಬಂದರಿನಲ್ಲಿ ಕಿವಿಗೆ ಬಿದ್ದ ನಾಲ್ಕು ಶಬ್ದ ನಟನೊಬ್ಬನ ಬಾಯಿಗೆ ದಾಟಿರಬಹುದು. ಅದು ರಂಗಪ್ರತಿ. ವಾದ್ಯ ಎಲ್ಲಿ ಬಾರಿಸಬೇಕೆಂಬ ಗುರುತುಗಳಿವೆ, ವಿದೂಷಕ ಎಲ್ಲಿ ಹೂಸು ಬಿಡಬೇಕೆಂಬುದೂ ಇದೆ! ನಮ್ಮ ಬಯಲಾಟದಲ್ಲಿ ಬಣ್ಣದ ವೇಷ ತೆರೆಯ ಹಿಂದಿನಿಂದ ಆರ್ಭಟಿಸಿದಾಗ ಯಾರು ವ್ಯಾಕರಣ ಕೇಳುತ್ತಾರೆ?

ಬೈಂದೂರಿನಲ್ಲಿ ಇದನ್ನೆಲ್ಲ ಹೇಳಿದ ದಿನ ಹಿರಿಯರೊಬ್ಬರು ಎದ್ದು, “ಹಂಗಾರೆ ಅದ್ ನಮ್ ಭಾಷಿ ಅಲ್ದಾ ಮಾರ್ರೆ?” ಎಂದರು. ಒಂದೆರಡು ಶಬ್ದ ಇದ್ದರೂ ಇರಬಹುದು, ವಾಕ್ಯ ಮಾತ್ರ ಸಿಗುವುದಿಲ್ಲ ಎಂದೆ. ಅವರ ಮುಖ ಸಣ್ಣದಾಯಿತು. ನನ್ನದೂ.